ಪೊಕೆಮಾನ್ ಬೋರ್ಡ್ ಗೇಮ್: ಮನೆಮಂದಿಯೆಲ್ಲ ಕೂತು ಆಡಿ ಮುಗಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯಲ್ಲಿ ಆಡಿದ ಮೊದಲ ಪೊಕೆಮಾನ್ ಆಟ ಮುಗಿಯಲೇ ಇಲ್ಲ. ಎರಡೂವರೆ ಗಂಟೆ ಕಳೆಯುವಷ್ಟರಲ್ಲಿ ಚಿಕ್ಕವಳು ಬೋರ್ಡಿನ ಪಕ್ಕದಲ್ಲೇ ನಿದ್ದೆ ಹೋದಳು. ದೊಡ್ಡವನು ‘ನಾನೇ ಗೆದ್ದಿದ್ದು’ ಅಂತ ತಾನೇ ತೀರ್ಪು ಕೊಟ್ಟುಕೊಂಡ. ಅವರಜ್ಜಿ ಮಾತ್ರ ಪಿಕಾಚು ಎಂಬ ಜೀವಿಯನ್ನು ತೋರಿಸಿ ಕೊನೆಯವರೆಗೂ ಕೇಳುತ್ತಲೇ ಇದ್ದರು, ‘ಈ ಹಳದಿ ಇಲಿ ಯಾರ ಕಡೆಯದಪ್ಪಾ?’ ತಪ್ಪು ಆಟದ್ದಲ್ಲ. ನಿಯಮದ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿ, ಒಂದಕ್ಷರವೂ ಬಿಡದ ಹಾಗೆ ಆಡಿಸಲು ಹೊರಟವನು ನಾನು.

ಆಮೇಲೆ ಎಷ್ಟೋ ಸಂಜೆ ಆಡಿದ್ದೇವೆ. ಅಷ್ಟರಲ್ಲಿ ಒಂದು ವಿಷಯ ಮನದಟ್ಟಾಯಿತು: ಮೊದಲ ಆಟವನ್ನು ತಪ್ಪಿಲ್ಲದೆ ಆಡಬೇಕು ಅಂತಿಲ್ಲ, ಅದು ಮುಗಿಯಬೇಕು. ಮುಗಿದ ಆಟವನ್ನು ಮಕ್ಕಳು ‘ಇನ್ನೊಂದ್ಸಲ’ ಅಂತ ಕೇಳುತ್ತಾರೆ. ಅರ್ಧಕ್ಕೆ ನಿಂತದ್ದು ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಕೆಳಗಿನ ಹಂತಗಳನ್ನೆಲ್ಲ ಆ ಲೆಕ್ಕದಲ್ಲೇ ಬರೆದಿದ್ದೇನೆ.

ಹಂತ 1: ದೊಡ್ಡವರಿಗೆ ಗೊತ್ತಿರಬೇಕಾದಷ್ಟು

ಮಕ್ಕಳಿಗೆ ಈ ಭಾಗ ಬೇಡ, ಅವರು ನಮಗಿಂತ ಹತ್ತು ಹೆಜ್ಜೆ ಮುಂದಿದ್ದಾರೆ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ‘ರೆಡ್’, ‘ಗ್ರೀನ್’ ಎಂಬ ಎರಡು ವಿಡಿಯೊ ಗೇಮ್‌ಗಳು ಬಂದವು. ಅದೇ ಪೊಕೆಮಾನ್ ಎಂಬ ಕಾಲ್ಪನಿಕ ಜೀವಿಗಳ ಹುಟ್ಟು. ಅದನ್ನು ಕಲ್ಪಿಸಿದ ಸತೋಶಿ ತಜಿರಿಗೆ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುವ ಹುಚ್ಚು ಇತ್ತು. ಆಟದ ತಿರುಳೂ ಅದೇ: ಹುಡುಕು, ಹಿಡಿ, ಸಾಕು, ಗೆಳೆಯನ ಹತ್ತಿರ ಇರುವುದರ ಜೊತೆ ಕಾದಾಡಿಸು. ಮೊದಲ ಆಟದಲ್ಲಿದ್ದ ಜೀವಿಗಳು 151. ಈಗ ಸಾವಿರ ದಾಟಿವೆ.

ಮೂರು ಸಂಗತಿ ತಿಳಿದರೆ ಯಾವ ಪೆಟ್ಟಿಗೆ ತೆರೆದರೂ ಕಂಗಾಲಾಗಬೇಕಿಲ್ಲ. ಒಂದು, ಈ ಜೀವಿಗಳು ರೂಪ ಬದಲಿಸಿ ಬೆಳೆಯುತ್ತವೆ. ಚಾರ್ಮ್ಯಾಂಡರ್ ಚಾರ್ಮೀಲಿಯನ್ ಆಗುತ್ತದೆ, ಚಾರ್ಮೀಲಿಯನ್ ಚಾರಿಜಾರ್ಡ್ ಆಗುತ್ತದೆ. ಎರಡು, ಪ್ರತಿಯೊಂದಕ್ಕೂ ಒಂದೋ ಎರಡೋ ‘ಟೈಪ್’ ಇರುತ್ತದೆ. ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ. ವಿಡಿಯೊ ಗೇಮ್‌ನಲ್ಲಿ ಈಗ ಒಟ್ಟು 18 ಟೈಪ್‌ಗಳಿದ್ದರೂ ಬೋರ್ಡಿನ ಮುಂದೆ ಕೂತವರಿಗೆ ಈ ಮೂರರ ಸುತ್ತು ಸಾಕು. ಮೂರು, ಜೀವಿಯನ್ನು ಹಿಡಿಯುವ ಚೆಂಡಿಗೆ ಪೊಕೆ ಬಾಲ್ ಎನ್ನುತ್ತಾರೆ. ಎಸೆದರೆ ಸಿಕ್ಕೇ ಸಿಗುತ್ತದೆ ಅಂತ ಖಾತ್ರಿಯಿಲ್ಲ. ಬೋರ್ಡ್ ಗೇಮ್‌ನಲ್ಲಿ ಆ ಖಾತ್ರಿಯಿಲ್ಲದ ಕೆಲಸವನ್ನು ದಾಳ ಮಾಡುತ್ತದೆ.

ಹೆಸರುಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಅದು ಮಗುವಿನ ಹಕ್ಕು. ಬೇರೆ ಆಟಗಳಲ್ಲಿ ದೊಡ್ಡವರು ಕಲಿಸುತ್ತಾರೆ, ಮಕ್ಕಳು ಕಲಿಯುತ್ತಾರೆ. ಇಲ್ಲಿ ಪಂಡಿತರು ಮಕ್ಕಳು. ‘ಇದು ಏನಾಗಿ ಬೆಳೆಯುತ್ತೆ, ಹೇಳು’ ಅಂತ ಏಳು ವರ್ಷದವಳನ್ನು ಕೇಳಿ ನೋಡಿ, ಅವಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ.

ಹಂತ 2: ಯಾವ ಪೆಟ್ಟಿಗೆ?

ಪೊಕೆಮಾನ್ ಚಿತ್ರ ಹೊತ್ತ ಪೆಟ್ಟಿಗೆಗಳು ಬೇಕಾದಷ್ಟಿವೆ. ಚಿತ್ರ ನೋಡಿ ಮರುಳಾಗದೆ, ಒಳಗಿರುವ ಆಟ ಯಾವ ಜಾತಿಯದು ಅಂತ ನೋಡಬೇಕು.

ಆರರಿಂದ ಅರವತ್ತರವರೆಗಿನ ಎಲ್ಲರೂ ಒಟ್ಟಿಗೆ ಕೂರುವುದಾದರೆ ನನ್ನ ಮೊದಲ ಮತ ಲ್ಯಾಬಿರಿಂತ್‌ಗೆ. ಮ್ಯಾಕ್ಸ್ ಕೋಬರ್ಟ್ ರೂಪಿಸಿ, ರಾವೆನ್ಸ್‌ಬರ್ಗರ್ ಕಂಪನಿ 1986ರಲ್ಲಿ ಹೊರತಂದ ಹಳೆಯ ಆಟ ಇದು. ಅದರದೇ ಪೊಕೆಮಾನ್ ಆವೃತ್ತಿ ಇದೆ. ಜಾರುವ ಹಾದಿಗಳ ಜಟಿಲ ಕೋಟೆಯೊಳಗೆ ನಿಧಿಯ ಬದಲು ಪೊಕೆಮಾನ್ ಹುಡುಕಬೇಕು. ಓದು ಬರಹ ಬೇಕಿಲ್ಲ, ಕಣ್ಣು ಚುರುಕಿದ್ದರೆ ಸಾಕು. ಹಾಗಾಗಿ ಅಜ್ಜಿಗೂ ಮೊಮ್ಮಗಳಿಗೂ ನಿಜವಾದ ಪೈಪೋಟಿ ಹುಟ್ಟುತ್ತದೆ.

ಮಾಸ್ಟರ್ ಟ್ರೇನರ್ 1999ರಲ್ಲಿ ಬಂದದ್ದು. ‘ಪೊಕೆಮಾನ್ ಬೋರ್ಡ್ ಗೇಮ್’ ಅಂದ ತಕ್ಷಣ ಮನಸ್ಸಿಗೆ ಬರುವ ಆಟ ಇದೇ. ಪೊಕೆಮಾನ್ ಲೋಕದ ಕ್ಯಾಂಟೊ ಪ್ರಾಂತ್ಯದ ನಕ್ಷೆ, ದಾಳ, ಕವುಚಿಟ್ಟ ಬಿಲ್ಲೆಗಳು, ಅವುಗಳಡಿ ಅಡಗಿದ ಜೀವಿಗಳು. ಇಬ್ಬರಿಂದ ಆರು ಜನ ಆಡಬಹುದು. ಅದೃಷ್ಟದ ಪಾಲು ಜಾಸ್ತಿ, ಸಮಯವೂ ಎಳೆಯುತ್ತದೆ. ಆದರೆ ಬಿಲ್ಲೆ ಮಗುಚುವ ಆ ಒಂದು ಕ್ಷಣಕ್ಕೆ ಸಾಟಿ ಇನ್ನೊಂದಿಲ್ಲ. ಇದು ಹಳೆಯ ಆಟವಾದ್ದರಿಂದ ಯಾರೋ ಆಡಿ ಬಿಟ್ಟದ್ದೇ ಹೆಚ್ಚಾಗಿ ಸಿಗುತ್ತದೆ. ಕೊಳ್ಳುವ ಮೊದಲು ಬಿಲ್ಲೆಗಳನ್ನು ಬಣ್ಣದ ಪ್ರಕಾರ ಎಣಿಸಿಕೊಡಲು ಕೇಳಿ. ಬೋರ್ಡು ಹರಿದಿದ್ದರೆ ಅಂಟಿಸಬಹುದು, ದಾಳ ಕಳೆದಿದ್ದರೆ ಬೇರೆ ತರಬಹುದು. ಬಿಲ್ಲೆಗಳು ಅರ್ಧ ಮಾಯವಾಗಿದ್ದರೆ ಆಟವೇ ಇಲ್ಲ.

ಮೊನೊಪೊಲಿಗೂ ಪೊಕೆಮಾನ್ ಆವೃತ್ತಿಗಳಿವೆ, ಮೊದಲನೆಯದು 1999ರದ್ದು. ರಸ್ತೆ, ಬಡಾವಣೆ ಕೊಳ್ಳುವ ಬದಲು ಪೊಕೆಮಾನ್ ಹಿಡಿಯುತ್ತೀರಿ, ಮನೆ–ಹೋಟೆಲಿನ ಜಾಗದಲ್ಲಿ ಪೊಕೆ ಮಾರ್ಟ್ ಮತ್ತು ಪೊಕೆಮಾನ್ ಸೆಂಟರ್. ವೇಷ ಬೇರೆ, ಆಳು ಅದೇ. ಒಬ್ಬೊಬ್ಬರಾಗಿ ದಿವಾಳಿಯಾಗಿ ಹೊರಗೆ ಕೂರುವ ಆಟ ಚಿಕ್ಕ ಮಕ್ಕಳಿಗೆ ಒಗ್ಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಡಲೇಬೇಕೆಂದಿದ್ದರೆ, ಒಬ್ಬರು ಬಂದಿಳಿದ ಮನೆಯನ್ನು ಕೊಳ್ಳದಿದ್ದರೆ ತಕ್ಷಣ ಹರಾಜಿಗಿಡಿ. ಅದು ಮೂಲ ನಿಯಮ. ಹೆಚ್ಚಿನವರು ಅದನ್ನು ಬಿಟ್ಟು ಆಡಿ, ‘ಎಷ್ಟು ಹೊತ್ತಪ್ಪಾ ಈ ಆಟ’ ಅಂತ ಗೊಣಗುತ್ತಾರೆ.

ಕೊನೆಯದು ಕಾರ್ಡು ಕಾಳಗ, ಅಂದರೆ ಟ್ರೇಡಿಂಗ್ ಕಾರ್ಡ್ ಗೇಮ್. ಅದನ್ನು ಕಲಿಸಲೆಂದೇ ‘ಬ್ಯಾಟಲ್ ಅಕಾಡೆಮಿ’ ಎಂಬ ಪೆಟ್ಟಿಗೆ ಬಂದಿದೆ. 2020ರ ಆವೃತ್ತಿಯಲ್ಲಿ ಮಡಿಚುವ ಬೋರ್ಡು ಮತ್ತು 60 ಕಾರ್ಡುಗಳ ಮೂರು ಸಿದ್ಧ ಕಟ್ಟುಗಳಿದ್ದವು. ಬಿಡಿ ಪ್ಯಾಕೆಟ್‌ಗಳನ್ನು ಕೊಂಡು ಕೈಯಾರೆ ಕಟ್ಟು ಜೋಡಿಸುವ ತಲೆನೋವು ಇದರಲ್ಲಿಲ್ಲ. ಇದು ಇಬ್ಬರ ಆಟ. ನಾಲ್ವರಿದ್ದರೆ ಜೋಡಿ ಮಾಡಿ, ಒಬ್ಬ ದೊಡ್ಡವರು, ಒಬ್ಬ ಚಿಕ್ಕವರು ಒಂದೇ ಕೈ ಆಡಲಿ.

ಹಂತ 3: ಕೂರುವ ಮೊದಲಿನ ತಯಾರಿ

ಮಕ್ಕಳನ್ನು ಕರೆಯುವ ಮೊದಲು ಒಬ್ಬರೇ ಕೂತು ಎರಡು ಕಾಲ್ಪನಿಕ ಆಟಗಾರರ ಪರವಾಗಿ ಐದು ಸುತ್ತು ಆಡಿ. ನಿಯಮದ ಹಾಳೆಯಲ್ಲಿ ಎಲ್ಲಿ ತೊಡಕಿದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಮಕ್ಕಳ ಎದುರು ಹಾಳೆ ತಿರುವುತ್ತಾ ಕಳೆಯುವ ಪ್ರತಿ ನಿಮಿಷಕ್ಕೂ ಅವರ ಉತ್ಸಾಹ ಒಂದು ಹಿಡಿ ಸೋರುತ್ತದೆ.

ಹೊಸ ಪೆಟ್ಟಿಗೆಯ ಬಿಲ್ಲೆಗಳನ್ನು ರಟ್ಟಿನ ಹಾಳೆಯಿಂದ ಬಿಡಿಸುವಾಗ ಎಳೆಯಬೇಡಿ, ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ. ಎಳೆದರೆ ಮೇಲಿನ ಚಿತ್ರದ ಪದರ ಕಿತ್ತು ಬರುತ್ತದೆ. ಹಾಗೆ ಗುರುತಾದ ಬಿಲ್ಲೆ ಕವುಚಿದ್ದರೂ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ಒಂದು ಬಿಲ್ಲೆಯ ಅಂಚು ಹೀಗೆ ಸುಲಿದಿತ್ತು. ದೊಡ್ಡವನು ಪ್ರತಿಸಲ ಅದರ ಕಡೆಗೇ ಕಾಯಿ ನಡೆಸುವುದನ್ನು ಕಂಡುಹಿಡಿಯಲು ನನಗೆ ಮೂರು ಆಟ ಬೇಕಾಯಿತು. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಬಿಲ್ಲೆ, ದಾಳ, ಕಾಯಿ ಯಾವುದೂ ನೆಲದ ಮಟ್ಟದಲ್ಲಿ ಇರದಿರಲಿ. ಬಾಯಿಗೆ ಹೋಗುವ ಗಾತ್ರವೇ ಅವು.

ನಿಯಮವನ್ನು ಹೇಳಿಕೊಡುವಾಗ ಕ್ರಮ ತಲೆಕೆಳಗಾಗಿರಲಿ. ಮೊದಲು ಗೆಲ್ಲುವುದು ಹೇಗೆ ಅಂತ ಒಂದೇ ವಾಕ್ಯ. ಆಮೇಲೆ ‘ನಿನ್ನ ಸರದಿ ಬಂದಾಗ ಏನು ಮಾಡಬೇಕು’ ಅನ್ನುವುದು. ಉಳಿದದ್ದು ಆಟದಲ್ಲಿ ಎದುರಾದಾಗ ನೋಡಿಕೊಂಡರಾಯಿತು.

ಹಂತ 4: ಲ್ಯಾಬಿರಿಂತ್ ಆಡಿಸುವ ಬಗೆ

ಬೋರ್ಡು ಏಳು ಅಡ್ಡಸಾಲು, ಏಳು ಕಂಬಸಾಲಿನದು. ಅದರಲ್ಲಿ 16 ಚೌಕ ಅಂಟಿಕೊಂಡಿವೆ. ಉಳಿದ 33 ಖಾಲಿ ಜಾಗಕ್ಕೆ 34 ಬಿಡಿ ಚೌಕಗಳನ್ನು ಕಲೆಸಿ ಮನಬಂದಂತೆ ಹಾಕಬೇಕು. ಒಂದು ಕೈಯಲ್ಲಿ ಉಳಿಯುತ್ತದೆ. ಇಡೀ ಆಟ ನಡೆಯುವುದು ಉಳಿದ ಆ ಒಂದು ಚೌಕದಿಂದ.

ಮೂಲ ಆಟದಲ್ಲಿ ಹುಡುಕುವ ಕಾರ್ಡುಗಳು 24. ಸಮನಾಗಿ ಹಂಚಿ, ಪ್ರತಿಯೊಬ್ಬರೂ ತಮ್ಮ ಮೇಲಿನ ಕಾರ್ಡನ್ನು ಮಾತ್ರ ಗುಟ್ಟಾಗಿ ನೋಡಬೇಕು. ಸರದಿ ಬಂದಾಗ ಕೆಲಸ ಎರಡೇ. ಮೊದಲು ಅಂಚಿನ 12 ಬಾಣಗಳಲ್ಲಿ ಒಂದರ ಹತ್ತಿರ ಆ ಬಿಡಿ ಚೌಕವನ್ನು ಒಳಗೆ ತಳ್ಳಬೇಕು. ಇಡೀ ಸಾಲು ಸರಿದು ಆಚೆ ತುದಿಯಿಂದ ಇನ್ನೊಂದು ಚೌಕ ಹೊರಬೀಳುತ್ತದೆ. ಮುಂದಿನವರು ಅದನ್ನು ಬಳಸುತ್ತಾರೆ. ಆಮೇಲೆ ತೆರೆದಿರುವ ಹಾದಿಯಲ್ಲಿ ಎಷ್ಟು ದೂರ ಬೇಕಾದರೂ ನಡೆಯಬಹುದು, ನಿಂತಲ್ಲೇ ನಿಲ್ಲಲೂಬಹುದು. ಹುಡುಕುತ್ತಿದ್ದ ಪೊಕೆಮಾನ್ ಮೇಲೆ ನಿಂತರೆ ಕಾರ್ಡು ತೆರೆದು ಮುಂದಿನದನ್ನು ನೋಡಿ. ಎಲ್ಲ ಮುಗಿಸಿ, ತಾವು ಹೊರಟ ಮೂಲೆಗೆ ಮೊದಲು ಮರಳಿದವರು ಗೆದ್ದರು.

ಎರಡು ನಿಯಮ ಪದೇ ಪದೇ ಮರೆಯುತ್ತವೆ. ಹಿಂದಿನವರು ತಳ್ಳಿದ್ದನ್ನು ಎದುರು ಕಡೆಯಿಂದ ತಳ್ಳಿ ತಕ್ಷಣವೇ ಹಿಂದಕ್ಕೆ ಕಳಿಸುವಂತಿಲ್ಲ. ಸಾಲು ಸರಿದಾಗ ನಿಮ್ಮ ಕಾಯಿ ಹೊರಬಿದ್ದರೆ ಆಟದಿಂದ ಹೊರಗೆ ಅಂತಲ್ಲ, ಈಗಷ್ಟೇ ಒಳಗೆ ಹೋದ ಚೌಕದ ಮೇಲೆ ಅದನ್ನು ಇಡಬೇಕು. ಇದನ್ನು ಚಿಕ್ಕವರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಕಾಯಿ ಬಿದ್ದಾಗ ಕಣ್ಣೀರೂ ಬೀಳುತ್ತದೆ.

ಮೊದಲ ಆಟಕ್ಕೆ ತಲೆಗೆ ಆರು ಕಾರ್ಡು ಬೇಡ, ನಾಲ್ಕು ಸಾಕು. ಚಿಕ್ಕವರಿಗೆ ಮೂರು. ಯೋಚಿಸುತ್ತಾ ಕೂರುವ ಅಪ್ಪಂದಿರಿಗೆ ಒಂದು ನಿಮಿಷದ ಗಡುವು ಹಾಕಿ. ಈ ಆಟವನ್ನು ಎಳೆಯುವವರು ಮಕ್ಕಳಲ್ಲ, ಎಲ್ಲ ಸಾಧ್ಯತೆಗಳನ್ನೂ ಮನಸ್ಸಿನಲ್ಲೇ ತಿರುಗಿಸಿ ನೋಡುವ ದೊಡ್ಡವರು. ಅನುಭವದಿಂದ ಹೇಳುತ್ತಿದ್ದೇನೆ, ನಮ್ಮಲ್ಲಿ ಆ ಗಡುವು ನನಗಾಗಿಯೇ ಬಂತು.

ಹಂತ 5: ಮಾಸ್ಟರ್ ಟ್ರೇನರ್, ಸ್ವಲ್ಪ ಕತ್ತರಿಸಿ

ಕಾಯಿಗಳು ನಕ್ಷೆಯಲ್ಲಿರುವ ಪ್ಯಾಲೆಟ್ ಟೌನ್ ಎಂಬ ಊರಿನಿಂದ ಹೊರಡುತ್ತವೆ. ದಾಳ ಹಾಕಿ, ಬಿದ್ದ ಗರದಷ್ಟು ನಡೆದು, ಬಣ್ಣದ ಮನೆಯಲ್ಲಿ ನಿಂತರೆ ಅಲ್ಲಿಗೆ ಸೇರಿದ ಬಿಲ್ಲೆಯನ್ನು ಮಗುಚಬೇಕು. ಹಿಡಿಯಲು ಯಾವ ಗರ ಬೀಳಬೇಕು ಅಂತ ಬಿಲ್ಲೆಯ ಮೇಲೆಯೇ ಇರುತ್ತದೆ. ಬಿದ್ದರೆ ನಿಮ್ಮದು. ಹೀಗೆ ಕೂಡಿಸಿದ ಜೀವಿಗಳ ಪವರ್ ಪಾಯಿಂಟ್ ಒಟ್ಟು 20 ಮುಟ್ಟಿದ ಮೇಲೆ ಇಂಡಿಗೊ ಪ್ಲಾಟೊ ಎಂಬ ಕೊನೆಯ ತಾಣಕ್ಕೆ ಹೋಗಿ, ಅಲ್ಲಿ ಕಾದಿರುವ ಎದುರಾಳಿಯನ್ನು ಸೋಲಿಸಬೇಕು. ಕಾಳಗದಲ್ಲಿ ಜೀವಿಯ ಬಲಕ್ಕೆ ದಾಳದ ಗರ ಕೂಡಿಸುತ್ತಾರೆ, ಯಾರದು ಹೆಚ್ಚೋ ಅವರು ಗೆದ್ದರು.

ಕೇಳಲು ಸರಳ. ತೊಂದರೆ ಇರುವುದು ಉದ್ದದಲ್ಲಿ. ಆರು ಮುಖದ ದಾಳದಲ್ಲಿ ಒಂದೇ ಒಂದು ಗರಕ್ಕೆ ಕಾಯುವ ಜೀವಿಯನ್ನು ಹಿಡಿಯಲು ಸರಾಸರಿ ಆರು ಸಲ ಹಾಕಬೇಕಾಗುತ್ತದೆ. ಎರಡು ಗರ ಒಪ್ಪುವುದಾದರೆ ಮೂರು ಸಲ. ಐದಾರು ಜನ ಕೂತಾಗ ಒಂದು ಸರದಿ ವ್ಯರ್ಥವಾದರೆ ಮತ್ತೆ ಕೈಗೆ ದಾಳ ಬರುವಷ್ಟರಲ್ಲಿ ಮಗುವಿನ ಮನಸ್ಸು ಇನ್ನೆಲ್ಲೋ ಇರುತ್ತದೆ. ನಾವು ಮಾಡಿಕೊಂಡ ಬದಲಾವಣೆಗಳು ಇವು. ಗುರಿ 20ರ ಬದಲು 12. ಹಿಡಿಯಲು ಸರದಿಗೆ ಎರಡು ಅವಕಾಶ. ಒಬ್ಬರು ಮಗುಚಿ ಹಿಡಿಯಲಾಗದ ಬಿಲ್ಲೆ ತೆರೆದೇ ಉಳಿಯುತ್ತದೆ, ಎಲ್ಲರೂ ಅದರ ಕಡೆಗೆ ಓಡುತ್ತಾರೆ. ಈ ಕೊನೆಯದು ಆಟದ ರುಚಿಯನ್ನೇ ಬದಲಿಸಿತು. ಬರೀ ಅದೃಷ್ಟವಾಗಿದ್ದ ಕಡೆ ‘ಅವಳಿಗಿಂತ ಮೊದಲು ನಾನು ಮುಟ್ಟಬೇಕು’ ಅನ್ನುವ ತರಾತುರಿ ಬಂತು.

ಒಂದನ್ನು ಮಾತ್ರ ಬದಲಿಸಬೇಡಿ. ಬಿಲ್ಲೆಯನ್ನು ಮಗುಚುವ ಕೈ, ಯಾರ ಸರದಿಯೋ ಅವರದೇ ಆಗಿರಲಿ. ಹತ್ತಿರ ಕೂತಿದ್ದೇವೆ ಅಂತ ದೊಡ್ಡವರು ಕೈಚಾಚಿ ಮಗುಚಿಬಿಡುತ್ತಾರೆ. ಮಗು ಅಷ್ಟು ಹೊತ್ತು ಕಾದದ್ದೇ ಅದಕ್ಕಾಗಿ.

ಹಂತ 6: ಕಾರ್ಡು ಕಾಳಗ ಕಲಿಸುವುದು

ಇಲ್ಲಿ ನಿಧಾನವಾಗಿ ಹೋಗೋಣ. ಈ ಎಲ್ಲ ಆಟಗಳಲ್ಲಿ ಆಳವಿರುವುದು ಇದಕ್ಕೇ, ಮನೆಗಳಲ್ಲಿ ತಪ್ಪಾಗಿ ಆಡುವುದೂ ಇದನ್ನೇ. ಜಪಾನಿನಲ್ಲಿ 1996ರಲ್ಲೇ ಬಂದ ಆಟ ಇದು. 1999ರಲ್ಲಿ ಇಂಗ್ಲಿಷ್ ಕಾರ್ಡುಗಳು ಬಂದ ಮೇಲೆ ಶಾಲೆಯ ಮಕ್ಕಳು ಕಾರ್ಡು ಕೂಡಿಹಾಕಿದರು, ಅದಲು ಬದಲು ಮಾಡಿಕೊಂಡರು. ಆಡಿದವರು ಮಾತ್ರ ಕಡಿಮೆ.

ಪೂರ್ತಿ ನಿಯಮದ ಎಲುಬು ಇಷ್ಟು. ಕಟ್ಟಿನಲ್ಲಿ ಸರಿಯಾಗಿ 60 ಕಾರ್ಡು. ಹೊಡೆಯಲು ಬಲ ಕೊಡುವ ಮೂಲ ಎನರ್ಜಿ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಕಲೆಸಿ ಏಳು ಕಾರ್ಡು ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಬೇಸಿಕ್ ಪೊಕೆಮಾನ್, ಅಂದರೆ ಬೇರೊಂದರಿಂದ ಬೆಳೆಸದೆ ನೇರವಾಗಿ ಇಳಿಸಬಹುದಾದದ್ದು, ಒಂದಾದರೂ ಇರಬೇಕು. ಇಲ್ಲದಿದ್ದರೆ ಕೈ ತೋರಿಸಿ ಮತ್ತೆ ಕಲೆಸಬೇಕು, ಎದುರಾಳಿಗೆ ಒಂದು ಹೆಚ್ಚುವರಿ ಕಾರ್ಡು ಎತ್ತುವ ಅವಕಾಶ. ಒಂದು ಬೇಸಿಕ್ ಪೊಕೆಮಾನ್ ಎದುರಿಗೆ ನಿಂತು ಹೋರಾಡುತ್ತದೆ, ಹಿಂದಿನ ಬೆಂಚಿನಲ್ಲಿ ಐದರವರೆಗೆ ಕೂರಿಸಬಹುದು. ಆರು ಕಾರ್ಡು ಬಹುಮಾನವಾಗಿ ಪಕ್ಕಕ್ಕೆ ಕವುಚಿ. ಎದುರಾಳಿಯ ಪೊಕೆಮಾನ್ ಒಂದನ್ನು ಉರುಳಿಸಿದಾಗಲೆಲ್ಲ ನಿಮ್ಮ ಬಹುಮಾನದಲ್ಲಿ ಸಾಮಾನ್ಯವಾಗಿ ಒಂದನ್ನು ಎತ್ತಿಕೊಳ್ಳುತ್ತೀರಿ. ಆರೂ ಎತ್ತಿದರೆ ಗೆಲುವು. ಎದುರಾಳಿಯ ಕಡೆ ಒಂದೂ ಪೊಕೆಮಾನ್ ಉಳಿಯದಿದ್ದರೂ ಗೆಲುವು. ಅವರ ಸರದಿಯ ಶುರುವಿನಲ್ಲಿ ಎತ್ತಲು ಕಾರ್ಡೇ ಇಲ್ಲದಿದ್ದರೂ ಗೆಲುವು.

ಇದನ್ನು ಮೂರು ಆಟಗಳಲ್ಲಿ ಹಂತ ಹಂತವಾಗಿ ಕಲಿಸಿ.

ಮೊದಲ ಆಟ: ಇಬ್ಬರ ಕೈಯೂ ಮೇಜಿನ ಮೇಲೆ ತೆರೆದಿರಲಿ. ಬಹುಮಾನ ಆರರ ಬದಲು ಮೂರು. ಆಟಗಾರರಿಗೆ ನೆರವಾಗುವ ಟ್ರೇನರ್ ಕಾರ್ಡುಗಳನ್ನೆಲ್ಲ ತೆಗೆದಿಡಿ, ಬರೀ ಪೊಕೆಮಾನ್ ಮತ್ತು ಎನರ್ಜಿ. ಸರದಿ ಬಂದಾಗ ಒಂದು ಕಾರ್ಡು ಎತ್ತು, ಒಂದು ಎನರ್ಜಿ ಅಂಟಿಸು, ಹೊಡೆ. ಸರದಿಗೆ ಒಂದೇ ಎನರ್ಜಿ ಅನ್ನುವುದನ್ನು ಮೊದಲ ದಿನದಿಂದಲೇ ಬಿಗಿಯಾಗಿ ಹಿಡಿಯಿರಿ. ಈ ಆಟದ ಲಗಾಮು ಅದು. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ.

ಎರಡನೆಯ ಆಟ: ಬೆಳವಣಿಗೆ, ಬೆಂಚು, ಹೋರಾಡುತ್ತಿರುವುದು ಬೆಂಚಿಗೆ ಹಿಂದೆ ಸರಿಯುವುದು. ಈ ಸರದಿಯಲ್ಲೇ ಇಳಿಸಿದ ಪೊಕೆಮಾನನ್ನು ಈ ಸರದಿಯಲ್ಲೇ ಬೆಳೆಸುವಂತಿಲ್ಲ. ಬೆಳೆದಾಗ ಮೈಮೇಲಿನ ಗಾಯವೂ ಎನರ್ಜಿಯೂ ಹಾಗೇ ಉಳಿಯುತ್ತವೆ. ವಿಷ, ನಿದ್ದೆಯಂಥ ತೊಂದರೆಗಳು ಮಾತ್ರ ಹೋಗುತ್ತವೆ. ‘ಬೆಳೆದರೆ ಗಾಯ ವಾಸಿ’ ಅಂತ ಆಡುವ ಮಕ್ಕಳು ಬಹಳ. ಪಾಪ ಅನಿಸುತ್ತದೆ, ಬಿಟ್ಟುಕೊಡಬೇಡಿ.

ಮೂರನೆಯ ಆಟ: ಕೈ ಮುಚ್ಚಿ, ಆರು ಬಹುಮಾನ, ಟ್ರೇನರ್ ಕಾರ್ಡುಗಳೂ ಇರಲಿ. ಅವುಗಳಲ್ಲಿ ಐಟಂ ಎಂಬ ಬಗೆಯ ಕಾರ್ಡು ಎಷ್ಟು ಬೇಕಾದರೂ ಆಡಬಹುದು, ಸಪೋರ್ಟರ್ ಎಂಬ ಬಗೆಯದು ಸರದಿಗೆ ಒಂದೇ. ಆಟ ಶುರುಮಾಡುವವರು ತಮ್ಮ ಮೊದಲ ಸರದಿಯಲ್ಲಿ ಹೊಡೆಯುವಂತಿಲ್ಲ ಅನ್ನುವುದನ್ನೂ ಈಗ ಸೇರಿಸಿ.

ಇನ್ನು ಟೈಪ್‌ಗಳ ಜಗಳ. ವಿಡಿಯೊ ಗೇಮ್ ಆಡಿದ ಮಗು ಇದ್ದಲ್ಲಿ ಇದು ಬಂದೇ ಬರುತ್ತದೆ. ‘ಆನಿಕ್ಸ್ ಬಂಡೆ ಮತ್ತು ನೆಲದ ಟೈಪು, ಪಿಕಾಚು ಮಿಂಚು ಅದಕ್ಕೆ ತಾಗೋದೇ ಇಲ್ಲ!’ ವಿಡಿಯೊ ಗೇಮ್‌ನಲ್ಲಿ ಮಗು ಹೇಳಿದ್ದು ನೂರಕ್ಕೆ ನೂರು ಸರಿ. ಕಾರ್ಡಿನಲ್ಲಿ ಅಲ್ಲ. ಕಾರ್ಡಿನ ಆಟ ಹಲವು ಟೈಪ್‌ಗಳನ್ನು ಒಂದೇ ಬಣ್ಣದಡಿ ಸೇರಿಸಿದೆ. ಬಂಡೆ, ನೆಲ, ಕುಸ್ತಿ ಮೂರೂ ಒಂದೇ ಫೈಟಿಂಗ್ ಗುರುತಿನವು. ಹಿಮ ನೀರಿನ ಜೊತೆ, ದೆವ್ವ ಸೈಕಿಕ್ ಜೊತೆ. ವಿಷದ ಜೀವಿಗಳು ಮೊದಲು ಹುಲ್ಲಿನ ಗುಂಪಿನಲ್ಲಿದ್ದವು, ಆಮೇಲೆ ಸೈಕಿಕ್‌ಗೆ ಹೋದವು, 2020ರಿಂದೀಚೆಗೆ ಕತ್ತಲೆಯ ಗುಂಪಿನಲ್ಲಿವೆ. ಹಂತ 1ರಲ್ಲಿ ಹೇಳಿದ ಬೆಂಕಿ–ಹುಲ್ಲು–ನೀರಿನ ಸುತ್ತು ಕೂಡ ಇಲ್ಲಿ ಪೂರ್ತಿ ನಡೆಯುವುದಿಲ್ಲ. ನೀರಿನ ಟೈಪಿನ ಸ್ಕ್ವರ್ಟಲ್ ಕಾರ್ಡಿನಲ್ಲಿ ಸಾಮಾನ್ಯವಾಗಿ ದೌರ್ಬಲ್ಯ ಅಂತ ಇರುವುದು ಮಿಂಚು, ಹುಲ್ಲಲ್ಲ.

ಆದ್ದರಿಂದ ಒಂದೇ ಸೂತ್ರ: ಕಾರ್ಡಿನ ಕೆಳಗೆ ಏನು ಅಚ್ಚಾಗಿದೆಯೋ ಅದೇ ಕಾನೂನು. ದೌರ್ಬಲ್ಯದ ಗುರುತಿನ ಪಕ್ಕ ‘2 ಪಟ್ಟು’ ಅಂತಿದ್ದರೆ ಏಟು ದುಪ್ಪಟ್ಟು. ಪ್ರತಿರೋಧದ ಪಕ್ಕ 30 ಕಡಿತ ಅಂತಿದ್ದರೆ 30 ಕಡಿಮೆ. ಯಾವುದನ್ನೂ ಬಾಯಿಪಾಠ ಮಾಡಬೇಕಿಲ್ಲ. ಇಷ್ಟು ಹೇಳಿದ ಮೇಲೆ ನಮ್ಮ ದೊಡ್ಡವನು ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದ. ಆಮೇಲೆ ತಾನೇ ಎರಡು ಆಟಗಳ ವ್ಯತ್ಯಾಸದ ಪಟ್ಟಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ. ಈಗ ಅದೇ ನಮ್ಮ ಸಂವಿಧಾನ.

ಕಾರ್ಡು ಕೊಳ್ಳುವಾಗ ಒಂದು ಎಚ್ಚರ. ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಒಂದು ಕಂತೆ ಪೂರ್ತಿ ನಕಲಿ. ಹಿಂಬದಿಯ ನೀಲಿ ಬಣ್ಣ ಪೇಲವ, ಅಕ್ಷರದಲ್ಲಿ ತಪ್ಪುಗಳು, ಹಾಳೆ ತೀರ ತೆಳು. ಅಸಲಿ ಕಾರ್ಡಿನ ಅಂಚನ್ನು ಹತ್ತಿರದಿಂದ ನೋಡಿದರೆ ಎರಡು ಬಿಳಿ ಪದರಗಳ ನಡುವೆ ಕಪ್ಪು ಗೆರೆ ಕಾಣುತ್ತದೆ. ಮನೆಯಲ್ಲಿ ಆಡಲು ನಕಲಿಯಾದರೂ ಸಾಲದೇ ಅಂತ ಕೇಳಬಹುದು. ಸಾಲದು. ಅವುಗಳಲ್ಲಿ ಎಷ್ಟೋ ಕಾರ್ಡುಗಳ ಅಂಕಿಗಳೇ ಕಟ್ಟುಕತೆ, ಒಂದು ಏಟಿಗೆ ಆಟ ಮುಗಿದುಹೋಗುತ್ತದೆ.

ಹಂತ 7: ನಿಮ್ಮದೇ ಆಟ ಮಾಡುವುದು

ಕೊಂಡ ಆಟಗಳಿಗಿಂತ ನಮ್ಮಲ್ಲಿ ಹೆಚ್ಚು ಸಲ ಹೊರಗೆ ಬರುವುದು ಮಕ್ಕಳೇ ಮಾಡಿದ ಆಟ. ಪೊಕೆಮಾನ್ ಚಿತ್ರಗಳನ್ನು ನಕಲು ಮಾಡುವ ಬದಲು ಜೀವಿಗಳನ್ನು ಅವರೇ ಹುಟ್ಟುಹಾಕಲಿ. ಅದರ ಖುಷಿ ಬೇರೆ. ಮುಂದೆ ಯಾರಿಗಾದರೂ ಕೊಡಬೇಕು ಅಂದರೂ ಇನ್ನೊಬ್ಬರ ಹಕ್ಕಿನ ತಕರಾರು ಇರುವುದಿಲ್ಲ. ನಮ್ಮ ಚಿಕ್ಕವಳ ಮೊದಲ ಸೃಷ್ಟಿ ಎಂಟು ಕಾಲಿನ ಕೊಡೆ, ಮಳೆ ಬಂದರೆ ಓಡಿಹೋಗುವಂಥದ್ದು.

ಬೇಕಾದದ್ದು ದಪ್ಪ ರಟ್ಟು, ಬಣ್ಣ, ಕತ್ತರಿ, ಎರಡು ದಾಳ, ಅಂಗಿಯ ಗುಂಡಿಗಳು. ರಟ್ಟಿನಲ್ಲಿ ನಾಣ್ಯಕ್ಕಿಂತ ತುಸು ದೊಡ್ಡದಾದ 40 ಬಿಲ್ಲೆ ಕತ್ತರಿಸಿ. ಎಲ್ಲವೂ ಒಂದೇ ಅಳತೆಯಿರಲಿ, ಒಂದೇ ಮುಚ್ಚಳವನ್ನಿಟ್ಟು ಗೆರೆ ಎಳೆದರಾಯಿತು. ಒಂದು ಬದಿಗೆ ಬಣ್ಣ, ಇನ್ನೊಂದು ಬದಿಗೆ ಜೀವಿ, ಅದರ ಟೈಪು, ಹಿಡಿಯುವ ಗರ, ಅಂಕ.

ಅಂಕ ಕೂರಿಸುವುದರಲ್ಲೇ ಆಟದ ಜೀವ. ನಾಲ್ಕು ದರ್ಜೆ ಮಾಡಿ. ಹಸಿರು ಬಿಲ್ಲೆಗೆ 3 ಅಥವಾ ಮೇಲೆ ಬಿದ್ದರೆ ಸಾಕು, ಅಂಕ 1. ನೀಲಿಗೆ 4 ಅಥವಾ ಮೇಲೆ, ಅಂಕ 2. ಕೆಂಪಿಗೆ 5 ಅಥವಾ 6, ಅಂಕ 3. ಹಳದಿಗೆ 6 ಮಾತ್ರ, ಅಂಕ 5. ಲೆಕ್ಕ ಹಾಕಿ ನೋಡಿ. ದಾಳ ಒಮ್ಮೆ ಹಾಕಿದರೆ ಹಸಿರಿನಿಂದ ಸರಾಸರಿ ಮುಕ್ಕಾಲಿಗಿಂತ ತುಸು ಕಡಿಮೆ ಅಂಕ ಬರುತ್ತದೆ. ನೀಲಿ, ಕೆಂಪು ಎರಡರಿಂದಲೂ ಸರಿಯಾಗಿ 1. ಹಳದಿಯಿಂದ ಆರರಲ್ಲಿ ಐದು ಭಾಗ. ಅಂದರೆ ಅಪರೂಪದ ಹಳದಿಯ ಹಿಂದೆ ಓಡುವುದು ಲೆಕ್ಕದಲ್ಲಿ ಅಷ್ಟೇನೂ ಲಾಭವಲ್ಲ. ಆದರೂ ಎಲ್ಲರೂ ಓಡುತ್ತಾರೆ. ಹಾಗೆ ಓಡಲಿ ಅಂತಲೇ ಈ ಅಂಕ. ಹಳದಿಗೆ 8 ಕೊಟ್ಟುಬಿಟ್ಟರೆ ಬೇರೆ ಬಿಲ್ಲೆ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ, ಮೊದಲು 6 ಬಿದ್ದವರೇ ರಾಜರು.

ಸಂಖ್ಯೆಯಲ್ಲಿ ಹಸಿರು 16, ನೀಲಿ 12, ಕೆಂಪು 8, ಹಳದಿ 4. ಬೋರ್ಡಿನಲ್ಲಿ 48 ಮನೆಗಳ ಹಾದಿ, ಎರಡು ಕಡೆ ಕವಲು, ಮೇಲ್ತುದಿಯಲ್ಲಿ ಒಂದು ಕೋಟೆ. ಅರ್ಧದಷ್ಟು ಮನೆಗಳಿಗೆ ಬಣ್ಣ ಹಾಕಿ, ಉಳಿದವು ಖಾಲಿ. ಬಣ್ಣದ ಮನೆ 24 ಮಾತ್ರ, ಹಾಗಾಗಿ ಪ್ರತಿ ಮನೆಯ ಮೇಲೆ ಅದೇ ಬಣ್ಣದ ಒಂದು ಬಿಲ್ಲೆ ಕವುಚಿಟ್ಟು, ಉಳಿದದ್ದನ್ನು ಬಣ್ಣದ ಪ್ರಕಾರ ಪಕ್ಕದಲ್ಲಿ ಪೇರಿಸಿ. ಒಂದು ಹೋದ ಜಾಗಕ್ಕೆ ಪೇರಿಯಿಂದ ಇನ್ನೊಂದು. ಗುರಿ 12 ಅಂಕ. ಎರಡು ಸರದಿಗೆ ಒಂದು ಸಲ ಬಣ್ಣದ ಮನೆ ಸಿಕ್ಕರೆ ಒಬ್ಬರಿಗೆ ಸುಮಾರು 24 ಸರದಿ ಬೇಕು. ನಾಲ್ವರಿಗೆ 96. ಸರದಿಗೆ 20 ಸೆಕೆಂಡು ಹಿಡಿದರೆ ಅರ್ಧ ಗಂಟೆ ಚಿಲ್ಲರೆ. ಮಕ್ಕಳಿಗೂ ಅಜ್ಜಿಯ ಬೆನ್ನಿಗೂ ತಡೆಯುವ ಹೊತ್ತು.

ಸೋತಾಗಲೂ ಏನಾದರೂ ಕೈಗೆ ಬರಬೇಕು. ಹಿಡಿಯಲಾಗದಿದ್ದರೆ ಒಂದು ಗುಂಡಿ ಕೊಡಿ. ಮುಂದೆ ಯಾವಾಗ ಬೇಕಾದರೂ ಒಂದು ಗುಂಡಿ ಕೊಟ್ಟು ಗರಕ್ಕೆ 1 ಸೇರಿಸಿಕೊಳ್ಳಬಹುದು. ಮೂರು ಸಲ ಸತತವಾಗಿ ಸೋತವರ ಹತ್ತಿರ ಮೂರು ಗುಂಡಿ ಇರುತ್ತವೆ. ಆಗ 3 ಬಿದ್ದರೂ ಹಳದಿ ಅವರದೇ. ಮುಖ ಸಣ್ಣದಾಗಿದ್ದ ಮಗು ಗುಂಡಿ ಎಣಿಸುತ್ತಾ ಸಂಚು ಹೂಡುತ್ತಾ ಕೂರುವುದನ್ನು ನೋಡಬೇಕು.

ಕೊನೆಗೆ ಕಾಳಗ. 12 ಮುಟ್ಟಿದವರು ಮೇಲಿನ ಕೋಟೆಗೆ ಹೋಗಿ, ಅಲ್ಲಿಯವರೆಗೆ ಹೆಚ್ಚು ಅಂಕ ಕೂಡಿಸಿದ ಇನ್ನೊಬ್ಬರಿಗೆ ಸವಾಲು ಹಾಕಬೇಕು. ಇಬ್ಬರೂ ಮೂರು ಜೀವಿಗಳನ್ನು ಆರಿಸಿ, ಒಂದೊಂದಾಗಿ ಮುಖಾಮುಖಿ. ಜೀವಿಯ ಅಂಕಕ್ಕೆ ದಾಳದ ಗರ ಕೂಡಿಸಿ. ಟೈಪು ಮೇಲುಗೈ ಇದ್ದರೆ ಇನ್ನೂ 2. ಮೂರರಲ್ಲಿ ಎರಡು ಗೆದ್ದವರು ಗೆದ್ದರು. ಈ 2 ಬೇಕಾಬಿಟ್ಟಿ ಅಲ್ಲ. ಅಂಕ ಸಮನಿರುವ ಇಬ್ಬರು ಎದುರಾದಾಗ ಮೇಲುಗೈ ಇರುವವರು 36ರಲ್ಲಿ 26 ಸಲ ಗೆಲ್ಲುತ್ತಾರೆ, 4 ಸಲ ಸಮ, 6 ಸಲ ಸೋಲು. ಟೈಪು ನೋಡಿ ಆರಿಸಿದ್ದಕ್ಕೆ ಫಲ ಸಿಗುತ್ತದೆ, ಅಚ್ಚರಿಗೂ ಜಾಗ ಉಳಿಯುತ್ತದೆ. 4 ಕೂಡಿಸಿ ನೋಡಿದ್ದೆವು, ಆಗ ದಾಳ ಹಾಕುವುದೇ ಶಾಸ್ತ್ರಕ್ಕೆ ಅನ್ನುವಂತಾಯಿತು.

ಮೊದಲ ಸಲ ಆಡುವಾಗ ಅಂಕಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಎರಡು ಮೂರು ಆಟದ ನಂತರ ಯಾವ ಜೀವಿಯನ್ನು ಯಾರೂ ಕಾಳಗಕ್ಕೆ ಇಳಿಸುವುದಿಲ್ಲ ಅಂತ ಗೊತ್ತಾಗುತ್ತದೆ. ಅದಕ್ಕೆ ಒಂದು ಅಂಕ ಹೆಚ್ಚಿಸಿ, ಅಥವಾ ಒಂದು ವಿಶೇಷ ಗುಣ ಕೊಡಿ. ಎಂಟು ಕಾಲಿನ ಕೊಡೆಯನ್ನು ನಮ್ಮಲ್ಲಿ ಯಾರೂ ಆರಿಸುತ್ತಿರಲಿಲ್ಲ. ಚಿಕ್ಕವಳು ಅದರ ಬಿಲ್ಲೆಯ ಮೇಲೆ ‘ನೀರಿನ ಏಟು ತಾಗಲ್ಲ’ ಅಂತ ಒಂದು ಸಾಲು ಸೇರಿಸಿದಳು. ಮಳೆ ಕಂಡರೆ ಓಡುವ ಕೊಡೆಗೆ ಇದು ಹೇಗೆ ಹೊಂದುತ್ತದೆ ಅಂತ ದೊಡ್ಡವನು ಕೇಳಿದ್ದಕ್ಕೆ, ‘ಓಡಿಹೋಗತ್ತಲ್ಲ, ಮತ್ತೆ ಹೇಗೆ ತಾಗತ್ತೆ?’ ಅಂದಳು. ಈಗ ಮನೆಯಲ್ಲಿ ಎಲ್ಲರಿಗೂ ಆ ಬಿಲ್ಲೆಯೇ ಬೇಕು.